ಬಾಗಿಲ ಮುಂದಿನ ಡಬ್ಬಿಗಳು

ನವ್ರೊಂಗೊ ಪಟ್ಟಣದ ಆಸುಪಾಸಿನ ಆ ಹಳ್ಳಿಯಲ್ಲಿ ಮದುವೆಮನೆಯ ಅಂತಸ್ತು ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಅಡುಗೆಗೆ ಸುರಿದ ಪರದೇಶದ ಟೊಮೆಟೊ ಪೇಸ್ಟಿನ ಖಾಲಿ ಡಬ್ಬಿಗಳನ್ನು ಅಲ್ಲಿ ಗೋಪುರದ ಹಾಗೆ ಪೇರಿಸಿಡುವುದು ಪದ್ಧತಿ. ಬೀಗರು ಮೊದಲು ಅದನ್ನು ನೋಡಿ, ಆಮೇಲೆ ಮದುಮಗಳನ್ನು ನೋಡುತ್ತಿದ್ದರು.

ಕಿರಿಮಗಳ ಮದುವೆ ಹತ್ತಿರ ಬಂದಿದ್ದ ಅಪಿಯುವಿನ ಮನೆಯಲ್ಲೂ ಬೆಳಗಿನ ಗಂಜಿಯ ಹೊತ್ತಿಗೆ ಅದೇ ಮಾತು ನಡೆದಿತ್ತು.

"ಗೋಪುರ ನನ್ನಷ್ಟೆತ್ತರ ಇರ್ಬೇಕು ಕಣೇ. ಅದಕ್ಕೇನಂತೆ, ಆ ಪಂಪು ಮಾರಿದ್ರಾಯ್ತು," ಎಂದಳು ಗಂಡನ ಅಕ್ಕ ಕದೋವಾ.

ಅಪಿಯು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಡಬ್ಬಿ ಅಗ್ಗ, ಗೋಪುರ ಅಗ್ಗವಲ್ಲ. ಹಿರಿಯ ಮಗಳ ಮದುವೆಯ ಗೋಪುರಕ್ಕೆ ಜೋಡಿ ಎತ್ತು ಹೋಗಿದ್ದವು. ಅಂದಿನಿಂದ ಗಂಡ ಅವುನಿ ಗುದ್ದಲಿಯಲ್ಲೇ ಹೊಲ ಅಗೆದು ಸೊಂಟ ಹಾಳುಮಾಡಿಕೊಂಡಿದ್ದ. ಕಾಲುವೆಯಿಂದ ನೀರೆತ್ತುವ ಪಂಪೂ ಹೋದರೆ ಬೇಸಿಗೆ ಬೆಳೆ ಇಲ್ಲ. ಈ ವಯಸ್ಸಿನಲ್ಲಿ ಅವನು ದಕ್ಷಿಣದ ಕೋಕೋ ತೋಟಗಳಿಗೆ ಕೂಲಿಗೆ ಹೋಗಬೇಕು. ಹಾಗೆ ಹೋದ ಅಪಿಯುವಿನ ಅಣ್ಣ ತಿರುಗಿ ಬಂದಿರಲಿಲ್ಲ.

ಇಷ್ಟಕ್ಕೂ ಇವರು ಬೆಳೆಯುತ್ತಿದ್ದುದೇನು? ಟೊಮೆಟೊ! ಹಿತ್ತಲಲ್ಲಿ ಬುಟ್ಟಿಗಟ್ಟಲೆ ಹಣ್ಣು ಕೇಳುವವರಿಲ್ಲದೆ ಕೊಳೆಯುತ್ತಿತ್ತು. ನಗಬೇಕೋ ಅಳಬೇಕೋ ನೀವೇ ಹೇಳಿ.

"ಅತ್ತೆ, ಮನೇಲಿ ಹಣ್ಣು ಕೊಳೀತಾ ಇದೆ. ಮದ್ವೆಗೆ ಡಬ್ಬಿ ತರ್ತೀರಾ?" ಎಂದಳು ಮದುಮಗಳು ವೆಪಿಯಾ. ರೈತ ಸಂಘದಲ್ಲಿ ಕೆಲಸ ಮಾಡುವ ಹುಡುಗಿ, ನಾಲಗೆ ಚುರುಕು.

"ಹಿತ್ತಲ ಗಿಡ ಮದ್ದಲ್ಲ ಕಣೆ. ನಮ್ಮೋರೂ ಟೊಮೆಟೊ ಪೇಸ್ಟಿನ ಕಾರ್ಖಾನೆ ಕಟ್ಟಿದ್ರಲ್ಲ, ಏನಾಯ್ತು? ಮುಚ್ಕೊಂಡು ಹೋಯ್ತು!"

"ಸುಮ್ನೆ ಮುಚ್ಚಲಿಲ್ಲ ಅತ್ತೆ. ಡಬ್ಬಿ ಕಳಿಸೋ ದೇಶದ ರೈತರ ಬೆನ್ನಿಗೆ ಅವರ ಸರ್ಕಾರ ಇದೆ. ನಮ್ಮ ಸರ್ಕಾರ ಬರೋ ಡಬ್ಬಿ ಮೇಲೆ ಸುಂಕ ಏರಿಸ್ತೀನಿ ಅಂದ್ರೆ ಸಾಲ ಕೊಟ್ಟ ದೊಡ್ಡೋರು ಕಣ್ಣು ಕೆಂಪು ಮಾಡ್ತಾರೆ. ಕೋಕೋ, ಎಣ್ಣೆ ತೆಗೆಯೋ ಶಿಯಾ ಬೀಜ ಎಲ್ಲಾ ಇಲ್ಲಿಂದ ಮೂಟೇಲಿ ಹೋಗುತ್ತೆ, ಅಲ್ಲಿಂದ ಡಬ್ಬೀಲಿ ಬರುತ್ತೆ. ಲಾಭ ಡಬ್ಬಿ ಮಾಡೋನಿಗೆ, ಬೆನ್ನುನೋವು ಮೂಟೆ ಹೊರೋನಿಗೆ. ಸಾಲದ್ದಕ್ಕೆ ಆ ಡಬ್ಬೀನ ಬಾಗ್ಲಲ್ಲಿಟ್ಟು ನಾವೇ ಮೆರೆಸ್ತೀವಲ್ಲ!"

"ನೀನೊಬ್ಳು ಡಬ್ಬಿ ಬಿಟ್ರೆ ಲೋಕ ನೆಟ್ಟಗಾಗಿಬಿಡುತ್ತಾ?"

"ಇಲ್ಲ. ಆದ್ರೆ ಪಂಪು ಉಳಿಯುತ್ತೆ. ಬಾಗ್ಲಲ್ಲಿ ಒಂದು ಡಬ್ಬಿ ಕಂಡ್ರೂ ನಾನು ಕೋಣೆಯಿಂದ ಆಚೆ ಬರೋಲ್ಲ."

ಅವುನಿ ಅಕ್ಕನ ಮಾತಿಗೂ ತಲೆಯಾಡಿಸಿದ, ಮಗಳ ಮಾತಿಗೂ ತಲೆಯಾಡಿಸಿದ. ಅವನನ್ನು ನೆಚ್ಚಿಕೊಂಡರೆ ಆಗುವುದಿಲ್ಲವೆಂದು ಅಪಿಯುವಿಗೆ ಗೊತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನ ಅಕ್ಕನಿಗೆ ಎದುರಾಡದವಳು ಬಟ್ಟಲು ಕೆಳಗಿಟ್ಟಳು.

"ಪಂಪು ಮಾರೋಲ್ಲ, ಅಕ್ಕಾ."

ಆ ವಾರವೆಲ್ಲ ತಾಯಿ-ಮಗಳು ಮಾಳಿಗೆಯ ಮೇಲೆ ಹಣ್ಣು ಹೆಚ್ಚಿ ಒಣಗಿಸಿದರು, ದೊಡ್ಡ ಮಡಕೆಗಳಲ್ಲಿ ಕುದಿಸಿ ಗಟ್ಟಿ ಮಾಡಿದರು. ಓಣಿಯ ಹೆಂಗಸರು ಮೂಗು ಮುರಿಯುತ್ತ ಬಂದವರು, ರುಚಿ ನೋಡುವ ನೆಪದಲ್ಲಿ ಸಂಜೆವರೆಗೂ ನಿಂತರು. ಅಪಿಯುವಿಗೆ ಎಷ್ಟೋ ವರ್ಷದ ಮೇಲೆ ಹಾಡು ಗುನುಗುವಷ್ಟು ಹಿಗ್ಗಾಗಿತ್ತು.

ಮದುವೆಯ ದಿನ ಬಾಗಿಲು ಬೋಳಾಗಿ ಕಾಣಬಾರದೆಂದು ಅವಳು ಪಂಪನ್ನೇ ತೊಳೆದು, ಒರೆಸಿ, ಅಲ್ಲಿ ತಂದಿಟ್ಟಳು. ಕದೋವಾ ಮುಖ ಊದಿಸಿಕೊಂಡು ಒಳಗೆ ಕೂತಳು. ಬೀಗರು ಬಂದರು. ಮುಂದೆ ವರನ ಅಜ್ಜಿ, ಕೋಲೂರಿಕೊಂಡು.

"ಡಬ್ಬಿ ಎಲ್ಲಮ್ಮಾ?"

ಅಪಿಯು ಪಂಪಿನ ಕಡೆ ಕೈ ತೋರಿಸಿದಳು. "ಇಲ್ಲ ಅಜ್ಜಿ. ಡಬ್ಬಿಗೋಸ್ಕರ ಇದನ್ನ ಮಾರ್ಬೇಕಿತ್ತು. ಮಾರ್ಲಿಲ್ಲ."

ಅಜ್ಜಿ ಪಂಪಿನ ಮೇಲೆ ಕೈಯಾಡಿಸಿದಳು. "ನನ್ನ ಮಗಳ ಮದ್ವೇಲಿ ಗೋಪುರ ಮಾಳಿಗೆ ಮುಟ್ಟಿತ್ತು. ಮಾರನೇ ವರ್ಷ ನನ್ನ ಗಂಡ ಕೋಕೋ ತೋಟಕ್ಕೆ ಹೋದ. ಅಲ್ಲೇ ಮಣ್ಣಾದ." ಅಷ್ಟು ಹೇಳಿ ಒಳಗೆ ಬಂದಳು. ಮನೆಯ ಟೊಮೆಟೊ ಹಾಕಿದ ಗಿನಿಕೋಳಿ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡಳು.

ದಿಬ್ಬಣ ಹೊರಟ ಮೇಲೆ ಕದೋವಾ ಮೆಲ್ಲಗೆ ಅಪಿಯುವಿನ ಪಕ್ಕ ಬಂದು ಕೂತಳು.

"ಹಣ್ಣು ಎಷ್ಟು ದಿನ ಒಣಗಿಸ್ಬೇಕೇ? ಬರೋ ವರ್ಷ ನನ್ನ ಮೊಮ್ಮಗಳ ಮದ್ವೆ. ಆ ಪಂಪನ್ನೂ ಎರಡು ದಿನ ಕೊಡು, ಬಾಗ್ಲಲ್ಲಿಡೋಕೆ."

ಅಪಿಯುವಿಗೆ ನಗು ತಡೆಯಲಾಗಲಿಲ್ಲ.

"ಹಣ್ಣು ಬೇಕಾದಷ್ಟು ತಗೊಂಡು ಹೋಗಿ, ಅಕ್ಕಾ. ಪಂಪಿಗೆ ಹೊಲದಲ್ಲಿ ಕೆಲ್ಸ ಇದೆ."