ಕುರ್ಚಿಯಿಂದ ಏಳುವ ಮುನ್ನ

ಪ್ರೋಗ್ರಾಂ ಬರೆಯಲೆಂದು ಕೆಲಸ ಕೊಟ್ಟವರು ಕಳಿಸಿದ್ದ ಹೊಸ ಟೂಲಿನ ಪರದೆಯ ಎಡಗಡೆ ಚಿತ್ರಗಳದೊಂದು ಸಾಲಿತ್ತು. ಯಾವುದಕ್ಕೂ ಹೆಸರಿಲ್ಲ. ಒಂದು ಒಣಗಿದ ಕೊಂಬೆಯ ಹಾಗೆ, ಇನ್ನೊಂದು ಜಿರಳೆಯ ಹಾಗೆ, ಮತ್ತೊಂದು ಯಾರೋ ಚೌಕಗಳನ್ನು ಜೋಡಿಸುತ್ತಾ ಅರ್ಧಕ್ಕೇ ಎದ್ದು ಹೋದ ಹಾಗೆ. ಪ್ರೋಗ್ರಾಂ ಓಡಿಸಬೇಕಾದರೆ ಹಸಿರು ತ್ರಿಕೋನ ಒತ್ತಿ ಎಂದಿದ್ದರು. ನೋಡಿದರೆ ಹಸಿರು ತ್ರಿಕೋನಗಳೇ ಮೂರು. ಒಂದನ್ನು ಒತ್ತಿದರೆ ಕೆಳಗಿನಿಂದ ಕಪ್ಪು ಪೆಟ್ಟಿಗೆಯೊಂದು ಎದ್ದು ಬಂದು ಅರ್ಧ ಪರದೆ ನುಂಗುತ್ತಿತ್ತು, ಇನ್ನೊಂದನ್ನು ಒತ್ತಿದರೆ ಬಲಗಡೆಯಿಂದ ಅದರ ತಮ್ಮ ಬರುತ್ತಿದ್ದ. ಅವನ್ನು ಮುಚ್ಚಲು ಹೋದರೆ ನಾನು ಬರೆಯುತ್ತಿದ್ದ ಪುಟವೇ ಮುಚ್ಚಿಕೊಳ್ಳುತ್ತಿತ್ತು. ಇದನ್ನು ಮಾಡಿದ ಪುಣ್ಯಾತ್ಮನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಎರಡೂ ಒಂದೇ ಥರ ಇರಬೇಕು, ನಾಲಗೆಗೆ ಹಾಕಿಕೊಂಡೇ ತಿಳಿಯಬೇಕು ಎಂದು ಬೈದುಕೊಂಡೆ.

ನಾನು ಹಳೇ ಕಾಲದ ಪ್ರೋಗ್ರಾಮರ್. ಮದುವೆಗೆ ಮುಂಚೆಯೇ ಕೆಲಸಕ್ಕೆ ಸೇರಿದವಳು, ಅತ್ತೆಗೆ ಮರೆವಿನ ಕಾಯಿಲೆ ಶುರುವಾದಾಗ ಬಿಟ್ಟೆ. ಅವರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಗೇಟು ತೆರೆದಿದ್ದರೆ ಸಾಕು, ಎಂದೋ ಕೆಡವಿಹೋಗಿದ್ದ ತಮ್ಮ ತವರುಮನೆ ಹುಡುಕಿಕೊಂಡು ಹೊರಟುಬಿಡುತ್ತಿದ್ದರು. ಹೀಗೆಯೇ ಬಹಳ ವರ್ಷ ಕಳೆದವು. ಅವರು ತೀರಿಕೊಂಡ ಮೇಲೆ ಮನೆ ಬಿಕೋ ಎನ್ನತೊಡಗಿತು. ಇವರು ಬೆಳಿಗ್ಗೆ ಸ್ಕೂಲಿಗೆ ಹೋದರೆ ಬರುವುದು ಸಂಜೆಗೆ. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಖಾಲಿ ಮನೆಯಲ್ಲಿ ಕೂತು ಕೂತು ಬೇಜಾರಾಗಿ ಮತ್ತೆ ಕೆಲಸ ಹುಡುಕಿದೆ.

ಆಸ್ಪತ್ರೆಗಳ ಟೋಕನ್ ಪ್ರೋಗ್ರಾಂ ಮಾಡುವ ಸಣ್ಣದೊಂದು ಕಂಪನಿ ನನ್ನನ್ನು ಪರೀಕ್ಷೆಗೆ ತೆಗೆದುಕೊಂಡಿತು. ಮನೆಯಿಂದಲೇ ಮಾಡುವ ಕೆಲಸ. ಕರೆದಾಗ ಬಾತ್‌ರೂಮಿಗೋ ಇನ್ನೆಲ್ಲಿಗೋ ಹೋಗಿದ್ದ ರೋಗಿ ವಾಪಸ್ ಬಂದರೆ ಅವರ ಟೋಕನ್ ಸರದಿಯ ಕಟ್ಟಕಡೆಗೆ ಹೋಗಿಬಿಡುತ್ತಿತ್ತು. ಪಾಪ, ಕಾಲು ಮುರಿದವರು ನೆಗಡಿಯವರ ಹಿಂದೆ ಕೂರಬೇಕು. ಅದನ್ನು ಸರಿಮಾಡಿ ತಿಂಗಳ ಕೊನೆಗೆ ಒಪ್ಪಿಸಿದರೆ ಕೆಲಸ ಖಾಯಂ. ಮೊದಲಾಗಿದ್ದರೆ ಒಂದು ಮಧ್ಯಾಹ್ನಕ್ಕೆ ಮುಗಿಸಿ ಎದ್ದುಬಿಡುತ್ತಿದ್ದೆ.

ಆದರೆ ನಾನು ಬರೆದದ್ದು ನಿಲ್ಲುತ್ತಿರಲಿಲ್ಲ.

ಮೊದಲ ಸಲ, ಕುಕ್ಕರ್ ಕೂಗಿತೆಂದು ಎದ್ದು ಹೋಗಿ ಬಂದು ನೋಡಿದರೆ ಬೆಳಗಿನಿಂದ ಬರೆದ ಸಾಲುಗಳೇ ಇಲ್ಲ. ಬೇರೆ ಪುಟದಲ್ಲಿ ಬರೆದೆನೇನೋ ಎಂದು ಎಲ್ಲ ಪುಟ ತೆಗೆದು ನೋಡಿದೆ, ಎಲ್ಲೂ ಇಲ್ಲ. ಇರಲಿ ಎಂದು ಮತ್ತೆ ಬರೆದೆ. ಮರುದಿನ ಕೊರಿಯರ್‌ನವನು ಬೆಲ್ ಮಾಡಿದ. ಸಹಿ ಹಾಕಿ ಬರುವಷ್ಟರಲ್ಲಿ ಮತ್ತೆ ಮಾಯ. ಕೆಲವು ದಿನ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಸಂಜೆ ‘ಒಪ್ಪಿಸು’ ಗುಂಡಿ ಒತ್ತಿಬಿಟ್ಟರೆ ಬರೆದದ್ದು ಗಟ್ಟಿಯಾಗಿ ನಿಲ್ಲುತ್ತಿತ್ತು. ಮಧ್ಯೆ ಎದ್ದುಹೋದಾಗ ಮಾತ್ರ ಈ ಕಳ್ಳಾಟ.

ಮ್ಯಾನೇಜರಿಗೆ ಫೋನ್ ಮಾಡಿದೆ. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು, ಮಾತು ಮೆತ್ತಗೆ.

"ಮೇಡಂ, ಆ ಟೂಲ್ ಏನನ್ನೂ ಕಳೆಯಲ್ಲ. ತಾನಾಗೇ ಇಟ್ಕೊಳ್ಳತ್ತೆ," ಎಂದಳು. "ನೀವು ಬರೀಬೇಕು ಅಂದ್ಕೊಂಡು ಬರೆದಿಲ್ವೇನೋ. ನಂಗೂ ಒಂದೊಂದ್ಸಲ ಹಾಗಾಗತ್ತೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನನಗೆ ಮಾತ್ರ ಅತ್ತೆ ನೆನಪಾದರು.

ಅತ್ತೆಗೂ ಶುರುವಾಗಿದ್ದು ಹೀಗೆಯೇ. ಊಟ ಮಾಡಿ, ಕೈ ತೊಳೆದು, ಟವೆಲಿಗೆ ಒರೆಸಿಕೊಳ್ಳುತ್ತಾ ಬಂದು, ‘ಇವತ್ತು ನಂಗ್ಯಾರೂ ಊಟ ಹಾಕ್ಲಿಲ್ಲ’ ಎನ್ನುತ್ತಿದ್ದರು. ಆಣೆ ಮಾಡಿ ಹೇಳುತ್ತಿದ್ದರು. ನಾನು ಬರೆದಿದ್ದೇನೆ ಎನ್ನುವುದು ನನಗೆ ಖಂಡಿತ ಗೊತ್ತಿತ್ತು. ಆದರೆ ಅತ್ತೆಗೂ ಅಷ್ಟೇ ಖಂಡಿತವಾಗಿ ಗೊತ್ತಿರುತ್ತಿತ್ತಲ್ಲ. ಅವತ್ತಿನಿಂದ ನನ್ನ ಮೇಲೇ ನನಗೆ ನಂಬಿಕೆ ಹೋಯಿತು. ಬೀಗ ಹಾಕಿ ಬಂದು ಮತ್ತೆ ಹೋಗಿ ಎಳೆದು ನೋಡುತ್ತಿದ್ದೆ. ಇವರ ಮುಂದೆ ಬಾಯಿ ಬಿಡಲಿಲ್ಲ. ತಾಯಿಯನ್ನು ನೋಡಿ ಹಣ್ಣಾಗಿದ್ದ ಮನುಷ್ಯ, ಹೆಂಡತಿಯೂ ಅದೇ ದಾರಿ ಹಿಡಿದಳೆಂದು ಯಾವ ಬಾಯಲ್ಲಿ ಹೇಳಲಿ?

ಈ ಕೆಲಸ ನನ್ನಿಂದಾಗದು ಎಂದು ಮ್ಯಾನೇಜರಿಗೆ ಸಂದೇಶ ಬರೆದೆ. ಕಳಿಸುವ ಮುಂಚೆ ಯಾರ ಹತ್ತಿರವಾದರೂ ಆ ಟೂಲನ್ನು ಬಾಯಿತುಂಬ ಬೈಯಬೇಕೆನಿಸಿತು. ಹಾಗೆ ಬೈಯಲು ನನಗಿದ್ದವಳು ಒಬ್ಬಳೇ, ಗಡಿಬಿಡಿ.

ಗಡಿಬಿಡಿ ನನ್ನ ಹಳೇ ಆಫೀಸಿನ ಗೆಳತಿ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ಬಸ್ಸು ಹತ್ತಿದವಳು, ಹಾಗಾಗಿ ಆ ಹೆಸರು. ಈಗ ಅವಳೂ ಕೆಲಸ ಬಿಟ್ಟು ಮೊಮ್ಮಗುವನ್ನು ಆಡಿಸಿಕೊಂಡಿದ್ದಾಳೆ. ಫೋನಿನಲ್ಲಿ ನನ್ನ ಪುರಾಣ ಕೇಳಿದವಳೇ, "ನಾಳೆ ಮಧ್ಯಾಹ್ನ ಬರ್ತೀನಿ, ಅಲ್ಲೀವರೆಗೂ ಅದನ್ನ ಕಳಿಸ್ಬೇಡ," ಎಂದಳು.

ಬಂದವಳು ಲ್ಯಾಪ್‌ಟಾಪಿನ ಮುಂದೆ ಕೂತು ಕನ್ನಡಕ ಏರಿಸಿ ನೋಡಿದಳು.

"ಏನೇ ಇದು, ಆಟದ ಸಾಮಾನಿನ ಅಂಗಡಿ ಇದ್ದಂಗಿದೆ. ಬರೆಯೋ ಜಾಗ ಎಲ್ಲಿ?"

"ಮಧ್ಯದಲ್ಲಿ ಸಂದಿ ಇದೆಯಲ್ಲ, ಅದೇ."

"ನಮ್ಮ ಪರದೆ ಎಷ್ಟು ಚೆನ್ನಾಗಿತ್ತು ಕಣೇ."

ಚೆನ್ನಾಗಿತ್ತು. ಕಪ್ಪು ಪರದೆ, ಅದರ ಮೇಲೆ ಹಸಿರು ಅಕ್ಷರ, ಅಷ್ಟೇ. ಬೇರೆ ಏನೂ ಇಲ್ಲ. ಮೂಲೆಯಲ್ಲಿ ಪುಟ್ಟದೊಂದು ಗೆರೆ ಮಿಟುಕುತ್ತಿತ್ತು, ಹೇಳು, ಕೇಳುತ್ತಿದ್ದೇನೆ ಎನ್ನುವ ಹಾಗೆ. ಯಾವ ಕೀಲಿ ಏನು ಮಾಡುತ್ತದೆಂದು ನಮ್ಮ ಬೆರಳುಗಳಿಗೆ ಗೊತ್ತಿತ್ತು, ತಲೆಗೆ ಕೆಲಸವೇ ಇರಲಿಲ್ಲ. ಉದ್ದನೆಯ ಆ ರೂಮಿನಲ್ಲಿ ಇಬ್ಬರಿಗೊಂದು ಯಂತ್ರ. ಒಬ್ಬರು ಬರೆಯುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂತು ತಪ್ಪು ಹಿಡಿಯಬೇಕು. ಗಡಿಬಿಡಿ ತಪ್ಪು ಹಿಡಿದರೆ ಬಾಯಲ್ಲಿ ಹೇಳುತ್ತಿರಲಿಲ್ಲ, ಮೊಣಕೈಯಲ್ಲಿ ತಿವಿಯುತ್ತಿದ್ದಳು. ಸಂಜೆ ಮನೆಗೆ ಹೋಗಿ ನೋಡಿಕೊಂಡರೆ ಪಕ್ಕೆ ಕೆಂಪಗಾಗಿರುತ್ತಿತ್ತು. ಆ ವಯಸ್ಸಿನಲ್ಲಿ ನಾವು ಎಷ್ಟು ನಗುತ್ತಿದ್ದೆವು ಎಂದು ನೆನೆದರೆ ಈಗಲೂ ನಗು ಉಕ್ಕುತ್ತದೆ, ಸಂಕಟವೂ ಆಗುತ್ತದೆ.

"ಟೀ ದಂಡ ನೆನಪಿದೆಯಾ?" ಎಂದಳು.

ಮರೆಯುವುದುಂಟೇ. ಅಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹೋದರೆ ಪರದೆಯ ಮೇಲಿದ್ದದ್ದೆಲ್ಲ ಗಾಳಿಗೆ. ಅದಕ್ಕೇ ದೊಡ್ಡ ಸಾಹೇಬರು ಒಂದು ಕಟ್ಟಳೆ ಮಾಡಿದ್ದರು: ನೀರು ಕುಡಿಯಲು ಏಳಿ, ಬೆಂಕಿ ಬಿತ್ತೆಂದು ಏಳಿ, ಕುರ್ಚಿಯಿಂದ ಏಳುವ ಮುನ್ನ ಬರೆದದ್ದನ್ನು ಉಳಿಸಿಯೇ ಏಳಬೇಕು. ಮರೆತು ಎದ್ದವರು ಇಡೀ ರೂಮಿಗೆ ಟೀ ಕುಡಿಸಬೇಕು. ಮೊದಮೊದಲು ಗಡಿಬಿಡಿ ಕುಡಿಸಿದ ಟೀಗೆ ಲೆಕ್ಕವಿಲ್ಲ. ಆಮೇಲಾಮೇಲೆ ಅವಳೂ ಪಳಗಿದಳು.

ಹಳೇದನ್ನೆಲ್ಲ ಕೆದಕುತ್ತಾ ಅವಳು ನನ್ನ ಪ್ರೋಗ್ರಾಮಿನ ಕೆಳಗೆ ತನಗೆ ನೆನಪಿದ್ದ ಒಂದಷ್ಟು ಸಾಲು ಟೈಪ್ ಮಾಡಿದಳು. ಬೆರಳುಗಳು ಇನ್ನೂ ಚುರುಕಾಗಿದ್ದವು. ನಾನು ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು ಸುಮ್ಮನೆ ನೋಡುತ್ತಿದ್ದೆ. ಬಹಳ ದಿನದ ಮೇಲೆ ಎದೆ ಹಗುರವಾಗಿತ್ತು.

"ಟೀ ನಾನೇ ಮಾಡ್ತೀನಿ, ನೀನು ಕೂತ್ಕೋ. ನಿನ್ನ ಟೀ ಯಾರು ಕುಡೀತಾರೆ," ಎನ್ನುತ್ತಾ ಅಡುಗೆಮನೆ ಕಡೆಗೆ ತಿರುಗಿ ಎದ್ದಳು.

ನಾನು ಪರದೆಯನ್ನೇ ನೋಡುತ್ತಿದ್ದೆ. ಅವಳು ಎದ್ದ ಆ ಕ್ಷಣ ಅವಳು ಬರೆದ ಸಾಲುಗಳಷ್ಟೂ ಮಾಯವಾದವು.

"ನಿಂತ್ಕೋ. ಏನು ಒತ್ತಿದೆ ಈಗ?" ಎಂದೆ.

"ನಾನಾ? ಏನೂ ಒತ್ತಿಲ್ಲಪ್ಪ."

"ಕೂತ್ಕೋ. ಇನ್ನೊಂದ್ಸಲ ಬರೆದು ಇನ್ನೊಂದ್ಸಲ ಏಳು."

ಬರೆದಳು, ಎದ್ದಳು. ಈ ಸಲ ನಾನು ನೋಡಿದ್ದು ಅವಳ ಕೈಯನ್ನು. ಎಡಗೈ ಕಂಟ್ರೋಲ್ ಹಿಡಿಯಿತು, ಬಲಗೈ ಕೆ, ಎಡಗೈಯ ಇನ್ನೊಂದು ಬೆರಳು ಡಿ. ನಮ್ಮ ಹಳೇ ಯಂತ್ರದಲ್ಲಿ ಬರೆದದ್ದನ್ನು ಉಳಿಸುವ ಕೀಲಿಗಳು. ಅವಳ ಮುಖಕ್ಕೆ ಅದರ ಸುದ್ದಿಯೇ ಇರಲಿಲ್ಲ.

ಇಬ್ಬರೂ ಸೇರಿ ಆ ಟೂಲಿನ ಹೊಟ್ಟೆ ಬಗೆದೆವು. ಒಂದು ಪಟ್ಟಿಯೊಳಗಿನ ಪಟ್ಟಿಯೊಳಗೆ, ನುಸಿಯಂಥ ಅಕ್ಷರದಲ್ಲಿ ಬರೆದಿತ್ತು. ಈ ಹೊಸ ಟೂಲಿನಲ್ಲಿ ಅದೇ ಮೂರು ಕೀಲಿಗಳ ಅರ್ಥ, ಕಳೆದ ಸಲ ಒಪ್ಪಿಸಿದ ಮೇಲೆ ಬರೆದದ್ದನ್ನೆಲ್ಲ ಅಳಿಸಿಹಾಕು ಎಂದು.

"ಅಳಿಸೋಕೆ ಮುಂಚೆ ಕೇಳಲ್ವಾ ಈ ಮುಂಡೇದು?" ಎಂದಳು ಗಡಿಬಿಡಿ.

ಕೇಳುತ್ತಿತ್ತಂತೆ. ಮೊದಲ ದಿನ ಅದು ಅದಕ್ಕೂ ಇದಕ್ಕೂ ಪೆಟ್ಟಿಗೆ ತೆರೆದು ತಲೆ ತಿನ್ನುತ್ತಿದ್ದಾಗ, ಸಿಟ್ಟಿನಲ್ಲಿ ಓದದೆಯೇ ‘ಮತ್ತೆ ಕೇಳಬೇಡ’ ಎನ್ನುವುದಕ್ಕೆ ಟಿಕ್ ಹಾಕಿದವಳು ನಾನೇ. ಆಮೇಲೆ ಕುಕ್ಕರ್ ಕೂಗಿದಾಗ, ಬೆಲ್ ಆದಾಗ, ದೊಡ್ಡ ಸಾಹೇಬರ ಕಟ್ಟಳೆ ಪಾಲಿಸುತ್ತಾ ನನ್ನ ಕೈಯಾರೆ ಎಲ್ಲವನ್ನೂ ಅಳಿಸಿ ಎದ್ದು ಹೋಗುತ್ತಿದ್ದೆ.

ಗಡಿಬಿಡಿ ನಗಲು ಶುರುಮಾಡಿದಳು. ನಾನೂ ನಕ್ಕೆ. ನಗುತ್ತಾ ನಗುತ್ತಾ ನನಗೆ ಯಾವಾಗ ಅಳು ಬಂತೋ ಗೊತ್ತಾಗಲಿಲ್ಲ. ಅವಳ ಭುಜಕ್ಕೆ ತಲೆ ಕೊಟ್ಟು ಅತ್ತೆಯ ವಿಷಯ, ನನ್ನ ಹೆದರಿಕೆ ಎಲ್ಲ ಹೇಳಿಬಿಟ್ಟೆ.

"ಹುಚ್ಚಿ," ಎಂದಳು. "ಮರೆತಿದ್ರೆ ತಾನೇ ಕಾಯಿಲೆ? ನಿಂಗೆ ಬೇಡದ್ದೂ ನೆನಪಿದೆ."

ಅವಳು ಹೋದ ಮೇಲೆ ಮ್ಯಾನೇಜರಿಗೆ ಬರೆದಿಟ್ಟಿದ್ದ ಸಂದೇಶ ಅಳಿಸಿದೆ. ಆ ಕೀಲಿಗಳ ಕೆಲಸವನ್ನು ಪಟ್ಟಿಯಲ್ಲಿ ಬದಲಾಯಿಸಿ, ಟೋಕನ್ನಿನ ಲೆಕ್ಕ ಮತ್ತೆ ಬರೆಯಲು ಕೂತೆ. ಸಂಜೆ ಇವರು ಬರುವಷ್ಟರಲ್ಲಿ ಅದು ಮುಗಿದು ಒಪ್ಪಿಸಿಯೂ ಆಗಿತ್ತು.

ಇವರು ಚೀಲ ಇಡುವುದಕ್ಕೂ ಬಿಡದೆ ಎಲ್ಲ ಹೇಳಿದೆ. ಗಡಿಬಿಡಿ ಏನೂ ಒತ್ತಿಲ್ಲ ಎಂದದ್ದು, ಮುಂಡೇದು ಎಂದು ಬೈದದ್ದು. ಇವರು ಜೋರಾಗಿ ನಕ್ಕರು. ಆ ಉತ್ಸಾಹದಲ್ಲಿ ಮುಚ್ಚಿಟ್ಟದ್ದನ್ನೂ ಹೇಳಿದೆ.

"ನಂಗೂ ಅತ್ತೆ ಥರ ಆಯ್ತು ಅಂತ ಹೆದರಿ ಸಾಯ್ತಿದ್ದೆ ಕಣ್ರೀ. ನಿಮ್ಗೆ ಹೇಗೆ ಹೇಳೋದು ಅಂತ."

ಇವರ ನಗು ನಿಂತಿತು. ಕೈಗಂಟಿದ್ದ ಸೀಮೆಸುಣ್ಣದ ಪುಡಿ ಉಜ್ಜಿಕೊಂಡರು.

"ನಾಡಿದ್ದು ಡಾಕ್ಟರ್ ಹತ್ರ ಹೋಗ್ಬೇಕು. ಅಮ್ಮನ್ನ ನೋಡ್ತಿದ್ರಲ್ಲ, ಅವರ ಹತ್ರಾನೇ."

"ನಂಗೇನೂ ಆಗಿಲ್ಲ ಅಂದ್ನಲ್ಲ."

"ನಿಂಗಲ್ಲ," ಎಂದರು. "ನಂಗೆ. ಪುಸ್ತಕ ನೋಡದೆ ಹಾಜರಿ ಕೂಗ್ತಿದ್ದೋನು ನಾನು. ಈಗ ಮೊದಲನೇ ಬೆಂಚಿನ ಹುಡುಗಿ ಹೆಸರೇ ಬರ್ತಿಲ್ಲ. ಮೊನ್ನೆ ಬೋರ್ಡಿನ ಮುಂದೆ ನಿಂತು, ಮಾಡ್ತಿದ್ದ ಲೆಕ್ಕ ಯಾವುದು ಅಂತಾನೇ ಗೊತ್ತಾಗ್ಲಿಲ್ಲ."

ಅತ್ತೆ ಇವರ ತಾಯಿ. ಆ ರಕ್ತ ಹರಿಯುತ್ತಿರುವುದು ಇವರಲ್ಲಿ, ನನ್ನಲ್ಲಲ್ಲ. ಇಷ್ಟು ದಿನ ನನ್ನ ಚಿಂತೆಯೊಳಗೇ ಮುಳುಗಿದ್ದವಳಿಗೆ ಅದು ಹೊಳೆದೇ ಇರಲಿಲ್ಲ. ಹತ್ತಿರ ಹೋಗಿ ಪಕ್ಕದಲ್ಲಿ ಕೂತೆ.

"ಅದು ಬಿಡು," ಎಂದರು ಇವರು. "ನಿಮ್ಮ ಹಳೇ ಆಫೀಸಿನ ಆ ರೂಮಿನ ಸುದ್ದಿ ಹೇಳು. ನಾನು ಮೊದಲ್ನೇ ಸಲ ಬಂದಿದ್ನಲ್ಲ, ಅದನ್ನ ಹೇಳು."

"ನಿಶ್ಚಯ ಆದ್ಮೇಲೆ ಒಂದಿನ ಸ್ಕೂಟರ್ ಹಾಕ್ಕೊಂಡು ಬಂದ್ರಿ," ಎಂದೆ.

"ಸೈಕಲ್ಲು. ಸ್ಕೂಟರ್ ಎಲ್ಲಿತ್ತು ಆಗ?"

ಬಾಯಿ ತಪ್ಪಿ ಬಂದ ಮಾತದು. ಆದರೆ ಇವರು ತಿದ್ದಿದ್ದು ಕೇಳಿ ಜೀವ ಬಂದಂತಾಯಿತು. ಇನ್ನಷ್ಟು ಕೇಳಬೇಕೆನಿಸಿ ಬೇಕೆಂದೇ ತಪ್ಪು ಹೇಳಿದೆ.

"ನೀಲಿ ಅಂಗಿ ಹಾಕಿದ್ರಿ."

"ಬಿಳೀದು. ಚೈನಿನ ಗ್ರೀಸು ಮೆತ್ತಿತ್ತು, ನೀನು ನೋಡಿ ನಕ್ಕೆ."

"ಗಡಿಬಿಡಿ ನಿಮ್ಮನ್ನ ಫ್ಯಾನ್ ರಿಪೇರಿಯೋರು ಅಂದ್ಕೊಂಡ್ಳು."

"ಪ್ರಿಂಟರ್ ರಿಪೇರಿ. ಕೈ ಹಿಡಿದು ಎಳ್ಕೊಂಡು ಹೋಗಿ ಪ್ರಿಂಟರ್ ಮುಂದೆ ಕೂರಿಸಿದ್ಳು. ನಾನೂ ಮಾತಾಡ್ದೆ ಮುಚ್ಚಳ ಬಿಚ್ಚಿದೆ." ಹಳೆಯ ಆ ತುಂಟ ನಗು ಇವರ ಮುಖಕ್ಕೆ ಬಂತು. ನೋಡು, ಏನೂ ಆಗಿಲ್ಲ, ಎಲ್ಲ ನೆನಪಿದೆ ಎಂದು ನನಗೆ ಕುಣಿಯುವಂತಾಯಿತು.

"ನಿಮ್ಮಮ್ಮಾನೂ ಬಂದಿದ್ರಲ್ಲ ಜೊತೆಗೆ," ಎಂದೆ.

ಇವರು ಕಿಟಕಿಯ ಕಡೆ ನೋಡುತ್ತಾ ಒಂದು ಕ್ಷಣ ಯೋಚಿಸಿದರು.

"ಹೌದು," ಎಂದರು. "ಬಾಗಿಲ ಹತ್ರ ನಿಂತಿದ್ಳು ಅಮ್ಮ, ಪಾಪ. ಕೈಯಲ್ಲೊಂದು ಕೊಡೆ ಇತ್ತು."

ಅತ್ತೆ ಆ ಆಫೀಸಿನ ಬಾಗಿಲನ್ನು ಒಂದು ದಿನವೂ ಕಂಡವರಲ್ಲ. ನಾನು ಇವರ ಕೈ ಹಿಡಿದುಕೊಂಡು ಕತೆ ಮುಂದುವರಿಸಿದೆ.