ದಾಕ್ಷಿಣ್ಯಕ್ಕೆ ಡೈರೆಕ್ಟರ್

ಪರಿಚಯದವರು ಬಂದು ಏನಾದರೂ ಕೇಳಿದರೆ ಇಲ್ಲ ಎನ್ನಲು ನಮ್ಮವರಿಗೆ ಬಾಯೇ ಬರುವುದಿಲ್ಲ. ಸಿಂಗಪುರದ ಹೌಗಾಂಗ್‌ನಲ್ಲಿರುವ ಸೇತುರಾಮರದೂ ಅದೇ ಕಥೆ. ಎಂಜಿನಿಯರ್ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಮನೆಯಲ್ಲಿ ಹೊತ್ತೇ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಭಜನೆಯಲ್ಲಿ ಪರಿಚಯವಾಗಿದ್ದ ಶ್ರೀಕಂಠ ಬಂದು ಕೇಳಿಕೊಂಡ.

"ಅಂಕಲ್, ಹೊರದೇಶದ ನನ್ನ ಫ್ರೆಂಡ್ ಸಿಂಗಪುರದಲ್ಲಿ ಕಂಪನಿ ರಿಜಿಸ್ಟರ್ ಮಾಡ್ತಿದಾನೆ. ಇಲ್ಲೇ ಇರೋ ಒಬ್ಬ ಡೈರೆಕ್ಟರ್ ಬೇಕಂತೆ. ನಿಮ್ಮ ಹೆಸರಿದ್ರೆ ಸಾಕು."

ಸೇತುರಾಮರು ಉಬ್ಬಿಹೋದರು. ಡೈರೆಕ್ಟರ್ ಆಗಲು ಫೋನಿಗೆ ಬಂದ ಕೋರಿಕೆಗೆ ಒಪ್ಪಿಗೆ ಒತ್ತುವುದೊಂದೇ ಬಾಕಿ.

ಸಂಜೆ ಕಟ್ಟಡದ ಕೆಳಗಿನ ತೆರೆದ ಅಂಗಳದಲ್ಲಿ, ಅಂದರೆ ವಾಯ್ಡ್ ಡೆಕ್‌ನಲ್ಲಿ, ಮೇಲಿನ ಮನೆಯ ಮೈತ್ರೇಯಿ ಸಿಕ್ಕಳು. ಕಂಪನಿ ಕಾನೂನೇ ಅವಳ ಕೆಲಸ.

"ನಮ್ಮ ಶ್ರೀಕಂಠನ ಫ್ರೆಂಡ್ ಕಂಪನಿಗೆ ಡೈರೆಕ್ಟರ್ ಆಗ್ತಿದೀನಮ್ಮಾ!"

"ಕಂಗ್ರಾಟ್ಸ್ ಅಂಕಲ್! ಕಂಪನಿ ಏನು ಮಾಡತ್ತೆ?"

ಸೇತುರಾಮರು ತಡವರಿಸಿದರು. "ಏನೋ ಬಿಸಿನೆಸ್ಸು. ಏನು ಬೇಕಾದ್ರೂ ಮಾಡಬಹುದಂತಲ್ಲ?"

"ಕಾನೂನು ಒಪ್ಪೋ ಕೆಲಸ ಏನು ಬೇಕಾದ್ರೂ ಮಾಡಬಹುದು. ಪುಸ್ತಕ ಮಾರಬಹುದು, ಹೋಟೆಲ್ ಇಡಬಹುದು. ಹೋಟೆಲ್‌ಗೆ ಲೈಸೆನ್ಸ್ ಬೇರೆ ಬೇಕು, ಅಷ್ಟೆ. ಆದ್ರೆ ಮೋಸದ ದುಡ್ಡು ಸಾಗಿಸೋಕೆ ಕಂಪನಿ ಕಟ್ಟೋ ಹಾಗಿಲ್ಲ. ಅಂಥದ್ದು ನಡೆದ್ರೆ ಪೊಲೀಸರು ನಿಮ್ಮನ್ನೇ ಕೇಳ್ತಾರೆ."

"ನಾನು ಹೆಸರಿಗೆ ಮಾತ್ರ ಕಣಮ್ಮ!"

"ಹೆಸರಿಗೆ ಅಂದ್ರೂ ಜವಾಬ್ದಾರಿ ಪೂರ್ತಿ ಅಂಕಲ್. ಏನು ವ್ಯಾಪಾರ ಅಂತ ಕೇಳಿ."

"ಹೇಗಮ್ಮ ಕೇಳೋದು? ಶ್ರೀಕಂಠನ ಹೆಂಡತಿ ಅರಿಶಿನ ಕುಂಕುಮಕ್ಕೆ ನಮ್ಮನೆಗೆ ಬಂದಿದಾಳೆ. ಅನುಮಾನ ಪಟ್ಟ ಹಾಗಾಗಲ್ವಾ?"

"ಸರಿಯಾದ ಕಂಪನಿ ಆದ್ರೆ ಖುಷಿಯಾಗೇ ಹೇಳ್ತಾರೆ."

ಸೇತುರಾಮರು ಸಂಕೋಚದಿಂದಲೇ ಶ್ರೀಕಂಠನಿಗೆ ಫೋನ್ ಮಾಡಿದರು.

"ಟ್ರೇಡಿಂಗ್ ಅಂಕಲ್."

"ಏನು ಟ್ರೇಡಿಂಗಪ್ಪಾ?"

"ಅದು ನಂಗೂ ಗೊತ್ತಿಲ್ಲ. ಸುಮ್ನೆ ಓಕೆ ಒತ್ತಿಬಿಡಿ."

ಸೇತುರಾಮರಿಗೆ ಈಗ ಅರ್ಥವಾಯಿತು. ಇಷ್ಟು ವರ್ಷ ದುಡಿದು ಗಳಿಸಿದ ಒಳ್ಳೆಯ ಹೆಸರನ್ನು, ಏನೆಂದೇ ತಿಳಿಯದ ಕೆಲಸಕ್ಕೆ ಒತ್ತೆ ಇಡಲು ಹೊರಟಿದ್ದರಲ್ಲ! "ನನ್ನ ಕೈಲಾಗಲ್ಲಪ್ಪ. ನೀನೂ ಮೊದಲು ಕೇಳಿ ತಿಳ್ಕೋ," ಎಂದುಬಿಟ್ಟರು. ಹೇಳಿದ ಮೇಲೆ ಎಷ್ಟೋ ಹಗುರವೆನಿಸಿತು.

ಭಾನುವಾರ ಶ್ರೀಕಂಠ ಸಪ್ಪೆ ಮುಖ ಹೊತ್ತು ಬಂದ. "ಏನು ವ್ಯಾಪಾರ ಅಂತ ಕೇಳಿದ್ದೇ ತಡ, ಆ ಫ್ರೆಂಡ್ ನನ್ನ ನಂಬರ್ ಬ್ಲಾಕ್ ಮಾಡಿದ ಅಂಕಲ್. ನೀವು ನನ್ನನ್ನೂ ಉಳಿಸಿದ್ರಿ."

ಸೇತುರಾಮರ ಹೆಂಡತಿ ಸೀತಾ ಕಾಫಿ ಕೊಡುತ್ತ ಗಂಡನತ್ತ ನೋಡಿ ನಕ್ಕರು. "ಡೈರೆಕ್ಟರ್ ಆಗೋ ಆಸೆ ಇದ್ರೆ ನನ್ನ ಜೊತೆ ಆಗಿ. ಸೀರೆಗೆ ಕುಚ್ಚು ಕಟ್ಟಿಕೊಡೋ ಕಂಪನಿ. ಏನು ಕೆಲಸ ಅಂತ ಯಾರು ಕೇಳಿದ್ರೂ ಧೈರ್ಯವಾಗಿ ಹೇಳಿ!"

ಕಂಪನಿ ಕಟ್ಟುವ ಮನಸ್ಸಿದ್ದರೆ ಧಾರಾಳವಾಗಿ ಕಟ್ಟಿ. ನ್ಯಾಯವಾದ ಕೆಲಸಕ್ಕೆ ಕಾನೂನು ಅಡ್ಡ ಬರುವುದಿಲ್ಲ. ಆದರೆ ಎಷ್ಟೇ ಬೇಕಾದವರು ಕೇಳಿದರೂ ಸರಿ, ಆ ಕಂಪನಿ ಏನು ಮಾಡುತ್ತದೆಂದು ನಿಮಗೇ ಹೇಳಲು ಬಾರದಿದ್ದರೆ, ನಿಮ್ಮ ಹೆಸರು ಕೊಡಬೇಡಿ.