ಎಡಗಿವಿಯ ಮೇಲೆ ಸೇವಂತಿಗೆ

ಬಿಸಿ ಕಾಗದದ ವಾಸನೆ, ಜೆರಾಕ್ಸ್ ಯಂತ್ರದ ಬೆಳಕು ಗಾಜಿನಡಿ ಹೋಗಿ ಬರುತ್ತಿದೆ, ಸಾಲಿನಲ್ಲಿ ನನ್ನ ಮುಂದಿದ್ದ ತೀರ್ಥಮ್ಮ ಆಧಾರ್ ಕಾರ್ಡನ್ನು ಅಲ್ಲೇ ಮರೆತು ತಿರುಗಿದರು — ಅಮ್ಮಾ, ಕಾರ್ಡು, ಎಂದು ಕೂಗಿದೆ, ನನಗೆ ಇಂಥವೇ ಕಣ್ಣಿಗೆ ಬೀಳುವುದು, ನೀನೊಬ್ಳು ಅನುಮಾನದ ಪಿಶಾಚಿ ಕಣೇ ಎನ್ನುತ್ತಾಳೆ ನಮ್ಮಮ್ಮ, ಅನ್ನಲಿ, ಬ್ಯಾಗಿನಲ್ಲಿ ಮೂರು ಫೋಟೋಗಳಿವೆ, ಮೂರರಲ್ಲೂ ತಂಗಿ ತನುಜಾ, ಅದೇ ನೀಲಿ ಸೀರೆ, ಅದೇ ನಗು, ಮುಡಿದ ಹೂವು ಮಾತ್ರ ಬೇರೆ. ಗಂಡು ಹುಡುಕಲು ಶುರು ಮಾಡಿದಾಗ ಅಮ್ಮ ಅವಳ ಬಯೋಡೇಟಾವನ್ನು ಪ್ರಸಾದದ ಹಾಗೆ ಹಂಚಲು ಹೊರಟಿದ್ದಳು, ಫೋಟೋ, ನಕ್ಷತ್ರ, ಮೊಬೈಲ್ ನಂಬರು, ಪಾಠ ಮಾಡುವ ಶಾಲೆ, ಎಲ್ಲ ಒಂದೇ ಹಾಳೆಯಲ್ಲಿ, ತಡೆಯಲಾಗಲಿಲ್ಲ, ಹೂವು ಬದಲಾಯಿಸುವುದು ಮಾತ್ರ ನನ್ನ ಕೈಯಲ್ಲಿತ್ತು — ತರೀಕೆರೆಯ ಸೋದರತ್ತೆಗೆ ಮಲ್ಲಿಗೆ, ಕಡೂರಿನ ದಲ್ಲಾಳಿ ಷಣ್ಮುಖಪ್ಪನವರಿಗೆ ಕನಕಾಂಬರ, ಅಜ್ಜಂಪುರದಲ್ಲಿ ಈ ಅಂಗಡಿಯ ಪ್ರಸನ್ನಕುಮಾರ್ ನಡೆಸುವ ವಧೂವರರ ವಾಟ್ಸಾಪ್ ಗ್ರೂಪಿಗೆ ಎಡಗಿವಿಯ ಮೇಲೊಂದು ಹಳದಿ ಸೇವಂತಿಗೆ. ಮದುವೆ ಹುಡುಗೀಗೇನೇ, ಇಲ್ಲಾ ಹೂವಿಗೇನೇ, ಎಂದು ಅಮ್ಮ ನಕ್ಕಿದ್ದಳು, ಮೊನ್ನೆ ನಗಲಿಲ್ಲ, ಯಾವುದೋ ಸುಳ್ಳು ಖಾತೆಯಲ್ಲಿ ತನುಜಾಳ ಫೋಟೋ, ಕೆಳಗೆ ಅವಳದೇ ನಂಬರು, ಒಂಟಿಯಾಗಿದ್ದೇನೆ, ಕರೆ ಮಾಡಿ ಎಂಬ ಸಾಲು — ಮಧ್ಯಾಹ್ನದೊಳಗೆ ಹನ್ನೊಂದು ಗಂಡಸರ ಕರೆ, ಒಬ್ಬನಿಗೆ ಶಾಲೆಯ ಹೆಸರೂ ಗೊತ್ತು, ಅವಳು ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು, ನಾನಿನ್ನು ಸ್ಕೂಲಿಗೆ ಹೋಗಲ್ಲ ಅಕ್ಕಾ, ಮಕ್ಳು ನೋಡಿದ್ರೆ, ನಾನು ಚಿತ್ರ ಹಿಗ್ಗಿಸಿದೆ, ಎಡಗಿವಿಯ ಮೇಲೆ ಹಳದಿ.

ಈಗ ಅವನ ಕೌಂಟರಿನ ಎದುರು ನಿಂತಿದ್ದೇನೆ. ನಮ್ ಗ್ರೂಪಿಂದ ಹೋಗಿರಕ್ಕೆ ಚಾನ್ಸೇ ಇಲ್ಲ ಕಣಕ್ಕಾ, ಪ್ರಸನ್ನಕುಮಾರ್ ನಗುತ್ತಾನೆ, ನೀವೇ ಊರೆಲ್ಲಾ ಹಂಚಿದೀರಲ್ಲ, ನಾನು ಗಾಜಿನ ಮೇಲೆ ಮಲ್ಲಿಗೆಯ ಫೋಟೋ ಇಡುತ್ತೇನೆ, ಇದು ತರೀಕೆರೆಗೆ, ಕನಕಾಂಬರ, ಇದು ಕಡೂರಿಗೆ, ಸೇವಂತಿಗೆ, ಇದು ನಿನಗೆ, ನಿನ್ನ ಗ್ರೂಪೊಂದಕ್ಕೇ, ಪಕ್ಕದಲ್ಲಿ ಸುಳ್ಳು ಖಾತೆಯ ಚಿತ್ರ, ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ — ಅವನ ಕಣ್ಣು ಒಂದೊಂದನ್ನೇ ದಾಟಿ ಹಳದಿಯ ಮೇಲೆ ನಿಂತಿತು, ನಗು ಎಲ್ಲಿ ಹೋಯಿತೋ. ಒಬ್ಬ ಆ್ಯಪ್‌ನೋನು ಹುಡುಗೀರ ಪಟ್ಟಿ ಕೇಳ್ದ ಅಕ್ಕಾ, ಕೊಟ್ಬಿಟ್ಟೆ, ಹಿಂಗಾಗುತ್ತೆ ಅಂತ ಯಾರಿಗ್ಗೊತ್ತಿತ್ತು, ಎಷ್ಟು ಹುಡುಗಿಯರು, ಎಂದೆ, ನೂರಾ ನಲವತ್ತು, ಏನಪ್ಪಾ, ನಮ್ ಹುಡುಗಿ ಅಶ್ವಿನೀದೂ ನಿಂಗೇ ಕೊಟ್ಟಿದ್ನಲ್ಲೋ, ಕಾರ್ಡಿಗೆಂದು ಮರಳಿದ್ದ ತೀರ್ಥಮ್ಮ ಕೌಂಟರಿಗೆ ಗುದ್ದುತ್ತಾರೆ, ಬಾಯ್ಬಿಡೋ! ಆ ಆ್ಯಪ್‌ನೋನ ಹೆಸರು, ನಂಬರು ಬರಿ, ಎಂದೆ ನಾನು, ಬರೆದ, ಸಹಿ ಹಾಕು, ಹಾಕಿದ, ನೂರಾ ನಲವತ್ತು ಮನೆಗೂ ಈಗಲೇ ನಿಜ ತಿಳಿಸು, ಟೈಪ್ ಮಾಡಿದ, ಕಂಪ್ಯೂಟರಿನಲ್ಲಿ ಏನನ್ನೂ ಅಳಿಸಬೇಡ, ಪೊಲೀಸರು ನೋಡಬೇಕು, ಹೂಂ ಅಕ್ಕಾ. ಬಿಸಿಲಿಗೆ ಬಂದೆ, ಇಷ್ಟು ನೆಟ್ಟಗೆ ನಾನು ಎಂದಾದರೂ ನಡೆದಿದ್ದೆನೇ, ಫೋನು, ತನುಜಾಳದೇ ನಂಬರು, ಅಕ್ಕಾ, ಆ ಖಾತೆ ತೆಗೆದಿದಾರೆ ಕಣೇ, ಫೋನ್ ತುಂಬಾ ಅಕ್ಕಿ ಪುಡಿ, ನಾಳೆ ಸ್ಕೂಲಿಗೆ ಹೋಗ್ತೀನಿ, ಬರ್ತಾ ಹೂ ತಾ, ಯಾವ ಹೂವೇ, ಗೊತ್ತಿಲ್ವಾ ನಿಂಗೆ — ಹೂವಿನವಳು ಬುಟ್ಟಿಯ ಒದ್ದೆ ಬಟ್ಟೆ ಸರಿಸುತ್ತಾಳೆ, ಎಷ್ಟು ಮೊಳ ಕಣಮ್ಮಾ, ಮೊಳ ಬೇಡ, ಒಂದು ಸಾಕು, ಎಡಗಿವಿಯ ಮೇಲೆ, ಹಳದಿ, ಒಂದೇ ಒಂದು ಸೇವಂತಿಗೆ —